ಮೂಗಿಗಿಂತ ಮೂಗುತಿ ಭಾರವಾಗದಿರಲಿ

ಮನೆಯುದ್ದಿಮೆಗಳ ಪಾರ್ಸೆಲ್ ವೆಚ್ಚದ ಕುರಿತು ಒಂದು ವಿಚಾರ

‘ಮೂಗಿಗಿಂತ ಮೂಗುತಿ ಭಾರ’ ಎಂಬ ಹಿರಿಯರ ಮಾತಿನ ಅರ್ಥವನ್ನು ಇಂದು ಎಲ್ಲರಿಗಿಂತ ಹೆಚ್ಚಾಗಿ ಅನುಭವಿಸುತ್ತಿರುವವರು ಮನೆಯಲ್ಲಿಯೇ ಸಣ್ಣ ಉದ್ದಿಮೆ ನಡೆಸಿ, ಅಂತರಜಾಲದ ಮೂಲಕ ಸರಕು ಮಾರುವ ನಮ್ಮ ಸೋದರ ಸೋದರಿಯರು. ಉಪ್ಪಿನಕಾಯಿ, ಹಪ್ಪಳ, ಮಸಾಲೆ ಪುಡಿ, ಮೇಣದ ಬತ್ತಿ, ಕಸೂತಿ ಬಟ್ಟೆ, ಹಬ್ಬದ ತಿಂಡಿ, ಹೀಗೆ ಕರಾವಳಿಯ ಅದೆಷ್ಟೋ ಮನೆಗಳಲ್ಲಿ ತಯಾರಾಗುವ ವಸ್ತುಗಳಿಗೆ ಇಂದು ಬೆಂಗಳೂರು, ಮುಂಬಯಿ, ಪುಣೆಯಂತಹ ನಗರಗಳಿಂದ ಬೇಡಿಕೆ ಬರುತ್ತದೆ. ಮೊಬೈಲಿನಲ್ಲಿ ಚಿತ್ರ ಕಾಣುತ್ತದೆ, ಹಣವೂ ಮೊಬೈಲಿನಲ್ಲಿಯೇ ಪಾವತಿಯಾಗುತ್ತದೆ. ಆದರೆ ವಸ್ತು ಮಾತ್ರ ಮೊಬೈಲಿನೊಳಗಿಂದ ಹೋಗಲಾರದು. ಅದನ್ನು ಪೆಟ್ಟಿಗೆಯಲ್ಲಿ ಕಟ್ಟಿ, ತೂಗಿ, ವಿಳಾಸ ಬರೆದು ಕಳುಹಿಸಲೇಬೇಕು. ಲಾಭ ಸೋರಿ ಹೋಗುವ ಬಿರುಕು ಇರುವುದು ಇಲ್ಲಿಯೇ.

ದೂರದ ಗಿರಾಕಿಗೆ ಸರಕು ಕಳುಹಿಸಿ ಬಾಗಿಲಲ್ಲಿ ಹಣ ಪಡೆಯುವ ಪದ್ಧತಿ ನಮ್ಮ ದೇಶಕ್ಕೆ ಹೊಸತೇನಲ್ಲ. ವಿ.ಪಿ.ಪಿ. ಎಂದು ನಾವೆಲ್ಲರೂ ಬಲ್ಲ ಅಂಚೆ ವ್ಯವಸ್ಥೆ ಭಾರತದಲ್ಲಿ 1877ರಲ್ಲಿಯೇ ಆರಂಭವಾಯಿತು. ಪುಸ್ತಕ, ಔಷಧಿ, ಕೈಗಡಿಯಾರ ಮುಂತಾದವುಗಳನ್ನು ನಮ್ಮ ಅಜ್ಜ ಅಜ್ಜಿಯರು ಅಂಚೆಯಣ್ಣನ ಕೈಯಿಂದ ಹಣ ಕೊಟ್ಟು ಬಿಡಿಸಿಕೊಂಡವರೇ. ಬದಲಾದುದು ಪ್ರಮಾಣ ಮತ್ತು ವೇಗ. ಅಂದು ಅಂಚೆಯೊಂದೇ ದಾರಿಯಾಗಿತ್ತು. ಇಂದು ಹತ್ತಾರು ಕೊರಿಯರ್ ಸಂಸ್ಥೆಗಳಿವೆ, ಅವುಗಳ ದರಗಳನ್ನು ಒಂದೆಡೆ ತೋರಿಸುವ ಮಧ್ಯವರ್ತಿ ಸಂಸ್ಥೆಗಳೂ ಇವೆ. ಆಯ್ಕೆ ಹೆಚ್ಚಾದಂತೆ ಗೊಂದಲವೂ ಹೆಚ್ಚಿದೆ. ಆದುದರಿಂದ ಸಾಗಾಟದ ವೆಚ್ಚ ಹೇಗೆ ಹುಟ್ಟುತ್ತದೆ, ಅದನ್ನು ಎಲ್ಲಿ ಕಡಿಮೆ ಮಾಡಬಹುದು ಎಂಬುದನ್ನು ಸಣ್ಣ ಉದ್ದಿಮೆದಾರರು ಸರಿಯಾಗಿ ಅರಿತುಕೊಳ್ಳುವುದು ಅಗತ್ಯ.

ಮೊದಲು ಲೆಕ್ಕ

ಅನೇಕ ಮನೆಯುದ್ದಿಮೆಗಳಲ್ಲಿ ಅಕ್ಕಿ, ಸಕ್ಕರೆ, ಎಣ್ಣೆ, ಅಡುಗೆ ಅನಿಲ ಇವುಗಳ ಲೆಕ್ಕವನ್ನು ಚೊಕ್ಕವಾಗಿ ಬರೆದಿಡುತ್ತಾರೆ. ಪಾರ್ಸೆಲಿನ ಖರ್ಚನ್ನು ಮಾತ್ರ ‘ಅದೇನು, ನೂರೋ ನೂರೈವತ್ತೋ’ ಎಂದು ಕೈಬಿಡುತ್ತಾರೆ. ಈ ಉದಾಸೀನಕ್ಕೆ ತೆರಬೇಕಾದ ಬೆಲೆ ಎಷ್ಟು ಎಂಬುದನ್ನು ಒಂದು ಕಾಲ್ಪನಿಕ ಉದಾಹರಣೆಯಿಂದ ನೋಡೋಣ.

ತಿಂಡಿಯ ಒಂದು ಕಟ್ಟಿನ ಮಾರಾಟ ಬೆಲೆ 500 ರೂಪಾಯಿ, ಸಾಮಗ್ರಿ ಮತ್ತು ಪೆಟ್ಟಿಗೆಯ ಖರ್ಚು 300 ರೂಪಾಯಿ ಎಂದಿಟ್ಟುಕೊಳ್ಳಿ. ಉಳಿಯುವ 200 ರೂಪಾಯಿಯೇ ಮನೆಯೊಡತಿಯ ದುಡಿಮೆಯ ಫಲ. ಸಾಗಾಟಕ್ಕೆ 120 ರೂಪಾಯಿ ಎಂದು ಕೊರಿಯರಿನವರು ಹೇಳಿದರು. ಅದರ ಮೇಲೆ ಶೇಕಡಾ 18ರ ಜಿ.ಎಸ್.ಟಿ. ಸೇರಿ 141 ರೂಪಾಯಿ 60 ಪೈಸೆಯಾಯಿತು. ಇದನ್ನು ತಾವೇ ಭರಿಸಿದರೆ ಕೈಯಲ್ಲಿ ಉಳಿಯುವುದು 58 ರೂಪಾಯಿ 40 ಪೈಸೆ ಮಾತ್ರ.

ಇನ್ನು ಗಿರಾಕಿ ಸಿಗದೆ ಆ ಪಾರ್ಸೆಲ್ ಹಿಂದಿರುಗಿತು, ಬರುವ ದಾರಿಗೂ ಅಷ್ಟೇ ದರ ತಗಲಿತು ಎನ್ನೋಣ. ಹೋಗುವ ಬರುವ ಖರ್ಚು 283 ರೂಪಾಯಿ 20 ಪೈಸೆ. ಪುಡಿಪುಡಿಯಾಗಿ ಬಂದ ತಿಂಡಿಯನ್ನು ಮತ್ತೆ ಮಾರುವಂತಿಲ್ಲವಾದುದರಿಂದ ಸಾಮಗ್ರಿಯ 300 ರೂಪಾಯಿಯೂ ನಷ್ಟ. ಒಟ್ಟು 583 ರೂಪಾಯಿ 20 ಪೈಸೆ. ಈ ಒಂದು ನಷ್ಟವನ್ನು ತುಂಬಲು ಸರಿಯಾಗಿ ತಲಪಿದ ಹತ್ತು ಪಾರ್ಸೆಲುಗಳ ದುಡಿಮೆ ಬೇಕು! ವ್ಯಾಪಾರ ಚೆನ್ನಾಗಿ ನಡೆಯುತ್ತಿದೆ ಎಂದು ಕಂಡರೂ ವರ್ಷಾಂತ್ಯದಲ್ಲಿ ಕೈ ಬರಿದಾಗುವುದಕ್ಕೆ ಕಾರಣ ಇಂತಹ ಲೆಕ್ಕವೇ ಆಗಿರುತ್ತದೆ.

ದರ ವಿಚಾರಿಸುವಾಗ ‘ತೆರಿಗೆ ಸೇರಿ ಎಷ್ಟು?’ ಎಂದು ಕೇಳುವುದನ್ನು ಮರೆಯಬಾರದು. ಜಿ.ಎಸ್.ಟಿ. ನೋಂದಣಿ ಇರುವವರು ತಮಗೆ ಆ ತೆರಿಗೆಯ ಜಮೆ ದೊರೆಯುತ್ತದೆಯೇ ಎಂದು ಲೆಕ್ಕಪರಿಶೋಧಕರಲ್ಲಿ ವಿಚಾರಿಸಬಹುದು. ನೋಂದಣಿ ಇಲ್ಲದವರಿಗೆ ಅದು ಪೂರ್ತಿ ಖರ್ಚೇ ಸರಿ.

ತೂಕ ಎರಡು ಬಗೆ

ಪಾರ್ಸೆಲಿಗೆ ಎರಡು ತೂಕಗಳಿವೆ ಎಂಬುದು ಅನೇಕರಿಗೆ ತಿಳಿಯುವುದು ಬಿಲ್ಲು ಕೈಗೆ ಬಂದ ಮೇಲೆಯೇ. ಒಂದು ತಕ್ಕಡಿಯಲ್ಲಿ ಕಾಣುವ ನಿಜ ತೂಕ. ಇನ್ನೊಂದು, ಪೆಟ್ಟಿಗೆ ಆಕ್ರಮಿಸುವ ಜಾಗವನ್ನು ಆಧರಿಸಿದ ಗಾತ್ರದ ತೂಕ. ಲಾರಿಯಲ್ಲಾಗಲಿ, ವಿಮಾನದಲ್ಲಾಗಲಿ ಭಾರದಂತೆಯೇ ಜಾಗಕ್ಕೂ ಬೆಲೆಯಿದೆ. ಹತ್ತಿ ತುಂಬಿದ ಚೀಲವೂ ಕಬ್ಬಿಣ ತುಂಬಿದ ಪೆಟ್ಟಿಗೆಯೂ ಒಂದೇ ಜಾಗ ಹಿಡಿದರೆ ಸಾಗಿಸುವವರು ಹತ್ತಿಗೆ ಕಡಿಮೆ ದರ ಪಡೆದು ನಷ್ಟಪಡಲಾರರು. ಆದುದರಿಂದ ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಅಳೆದು, ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ಬಂದ ಉತ್ತರವೇ ಕಿಲೋಗ್ರಾಂ ಲೆಕ್ಕದಲ್ಲಿ ಗಾತ್ರದ ತೂಕ. ಎರಡು ತೂಕಗಳಲ್ಲಿ ಯಾವುದು ಹೆಚ್ಚೋ ಅದಕ್ಕೆ ದರ ವಿಧಿಸುತ್ತಾರೆ. ಭಾಜಕ ಸಂಖ್ಯೆ ಸಂಸ್ಥೆಯಿಂದ ಸಂಸ್ಥೆಗೆ ಬೇರೆಯಾಗಬಹುದಾದುದರಿಂದ ಒಪ್ಪಂದಕ್ಕೆ ಮೊದಲೇ ಕೇಳಿ ತಿಳಿಯತಕ್ಕದ್ದು.

ನಮ್ಮ ಕ್ರಿಸ್ಮಸ್ ಹಬ್ಬದ ಕುಸ್ವಾರ್ ಇದಕ್ಕೆ ಒಳ್ಳೆಯ ನಿದರ್ಶನ. ಗುಲಾಬಿ ಹೂವಿನಾಕಾರದ ಕೊಕ್ಕಿಸಾಂ ತೂಕದಲ್ಲಿ ಹಗುರ, ಗಾತ್ರದಲ್ಲಿ ದೊಡ್ಡದು. ಅದರ ಎಸಳುಗಳ ನಡುವೆ ಇರುವುದು ಗಾಳಿಯೇ. ನೆವ್ರಿಯೂ ಉಬ್ಬಿರುವಂಥದ್ದು. ಗುಳಿಯೊ ಅಥವಾ ಕಿಡ್ಯೊ ಹಾಗಲ್ಲ, ಕಿರಿದಾದ ಜಾಗದಲ್ಲಿ ಒತ್ತಾಗಿ ಕೂರುತ್ತವೆ. ಒಂದು ಕಿಲೋ ತೂಗುವ ಕುಸ್ವಾರನ್ನು 30 ಸೆಂ.ಮೀ. ಉದ್ದ, 25 ಸೆಂ.ಮೀ. ಅಗಲ, 20 ಸೆಂ.ಮೀ. ಎತ್ತರದ ಪೆಟ್ಟಿಗೆಯಲ್ಲಿ ಸಡಿಲವಾಗಿ ತುಂಬಿದರೆ ಗಾತ್ರದ ತೂಕ 3 ಕಿಲೋ ಆಗುತ್ತದೆ. ಅಂದರೆ ಎರಡು ಕಿಲೋ ಗಾಳಿಗೆ ಹಣ ತೆತ್ತಂತಾಯಿತು. ಅದನ್ನೇ ಅಚ್ಚುಕಟ್ಟಾಗಿ ಜೋಡಿಸಿ 25, 20, 15 ಸೆಂ.ಮೀ. ಅಳತೆಯ ಪೆಟ್ಟಿಗೆಗೆ ಇಳಿಸಲು ಸಾಧ್ಯವಾದರೆ ಗಾತ್ರದ ತೂಕ ಒಂದೂವರೆ ಕಿಲೋಗೆ ಇಳಿಯುತ್ತದೆ. ವೆಚ್ಚ ಇಳಿದರೂ ಒಂದು ಎಸಳೂ ಕಡಿಮೆಯಾಗಲಿಲ್ಲ.

ಎರಡನೆಯ ವಿಷಯ, ದರದ ಮೆಟ್ಟಿಲುಗಳು. ಕೊರಿಯರ್ ಸಂಸ್ಥೆಗಳು ಸಾಮಾನ್ಯವಾಗಿ ಅರ್ಧ ಕಿಲೋಗೆ ಒಂದರಂತೆ ದರ ಏರಿಸುತ್ತವೆ. 500 ಗ್ರಾಂ ಮೀರಿ ಹತ್ತೇ ಗ್ರಾಂ ಹೆಚ್ಚಾದರೂ ಒಂದು ಕಿಲೋದ ದರವನ್ನೇ ತೆರಬೇಕು. 460 ಗ್ರಾಂ ವಸ್ತುವನ್ನು 60 ಗ್ರಾಂ ತೂಗುವ ಪೆಟ್ಟಿಗೆಯಲ್ಲಿಟ್ಟರೆ ಮೆಟ್ಟಿಲು ದಾಟಿತು. 30 ಗ್ರಾಮಿನ ಹೊದಿಕೆಯಲ್ಲಿಟ್ಟರೆ ದಾಟದು. ಆದುದರಿಂದ ಪೊಟ್ಟಣದ ಅಳತೆಯನ್ನು ನಿರ್ಧರಿಸುವಾಗಲೇ ಹೊದಿಕೆಯ ತೂಕವನ್ನೂ ಕೂಡಿಸಿ ಯೋಚಿಸಬೇಕು. ಅರ್ಧ ಕಿಲೋದ ಪೊಟ್ಟಣದ ಬದಲು 400 ಅಥವಾ 450 ಗ್ರಾಮಿನ ಪೊಟ್ಟಣ ಮಾಡಿ, ಆ ತೂಕವನ್ನೇ ಸ್ಪಷ್ಟವಾಗಿ ಮುದ್ರಿಸಿ, ಅದಕ್ಕೆ ತಕ್ಕ ಬೆಲೆಯಿಟ್ಟರೆ ಗಿರಾಕಿಗೂ ಮೋಸವಿಲ್ಲ, ಮಾರುವವರಿಗೂ ನಷ್ಟವಿಲ್ಲ.

ಪೆಟ್ಟಿಗೆಯ ವಿಚಾರ

ಪೆಟ್ಟಿಗೆ ಚಿಕ್ಕದಾಗಬೇಕು, ಆದರೆ ದುರ್ಬಲವಾಗಬಾರದು. ಒಡೆದು ತಲಪಿದ ವಸ್ತುವಿಗೆ ಮರುಸಾಗಾಟದ ಖರ್ಚು ಬೀಳುವುದಲ್ಲದೆ ಹೆಸರೂ ಕೆಡುತ್ತದೆ. ಬಟ್ಟೆಬರೆಗೆ ಪೆಟ್ಟಿಗೆಯೇ ಬೇಕಾಗಿಲ್ಲ, ನೀರು ತಾಗದ ಗಟ್ಟಿ ಪ್ಲಾಸ್ಟಿಕ್ ಲಕೋಟೆ ಸಾಕು. ಹಗುರವಾದ ವಸ್ತುಗಳಿಗೆ ಮೂರು ಪದರದ ರಟ್ಟಿನ ಪೆಟ್ಟಿಗೆ ಸಾಕಾಗುತ್ತದೆ. ಗಾಜಿನ ಭರಣಿ, ಭಾರದ ಸಾಮಾನುಗಳಿಗೆ ಐದು ಪದರದ್ದನ್ನೇ ಬಳಸುವುದು ಕ್ಷೇಮ. ಉಪ್ಪಿನಕಾಯಿಯನ್ನು ಗಾಜಿನ ಭರಣಿಯ ಬದಲು ಬಿಗಿಯಾಗಿ ಬೆಸೆದ ದಪ್ಪ ಪೊಟ್ಟಣದಲ್ಲಿಟ್ಟು, ಅದರ ಮೇಲೆ ಇನ್ನೊಂದು ಪೊಟ್ಟಣ ಹಾಕಿದರೆ ತೂಕವೂ ಇಳಿಯುತ್ತದೆ, ಒಡೆಯುವ ಭಯವೂ ಇಲ್ಲ. ಎಣ್ಣೆ ಸೋರಿ ಇತರರ ಪಾರ್ಸೆಲ್ ಕೆಟ್ಟರೆ ಮುಂದೆ ನಮ್ಮ ಸರಕನ್ನೇ ನಿರಾಕರಿಸಬಹುದು ಎಂಬುದು ನೆನಪಿರಲಿ.

ಹತ್ತಾರು ಅಳತೆಯ ಪೆಟ್ಟಿಗೆಗಳನ್ನು ಬಿಡಿಬಿಡಿಯಾಗಿ ಕೊಳ್ಳುವುದಕ್ಕಿಂತ ಎರಡು ಮೂರು ಅಳತೆಗಳನ್ನು ಗೊತ್ತುಮಾಡಿ ಸಗಟಾಗಿ ಕೊಳ್ಳುವುದು ಲಾಭಕರ. ಅಂಗಡಿಯಿಂದ ತಂದ ಹಳೆಯ ಪೆಟ್ಟಿಗೆ ಗಟ್ಟಿಯಾಗಿದ್ದರೆ ಉಪಯೋಗಿಸಬಹುದು. ಆದರೆ ಅದರ ಮೇಲಿನ ಹಳೆಯ ವಿಳಾಸ ಚೀಟಿ, ಬಾರ್‌ಕೋಡುಗಳನ್ನು ಪೂರ್ತಿ ಕಿತ್ತು ತೆಗೆಯಬೇಕು. ಇಲ್ಲವಾದರೆ ವಿಂಗಡಿಸುವ ಯಂತ್ರ ಹಳೆಯ ಗುರುತನ್ನೇ ಓದಿ ಪಾರ್ಸೆಲನ್ನು ದಾರಿ ತಪ್ಪಿಸೀತು. ತಿಂಡಿಗೆ ನೇರವಾಗಿ ತಾಗುವಂತೆ ವೃತ್ತಪತ್ರಿಕೆಯ ಹಾಳೆಯನ್ನು ಸುತ್ತುವುದು ಆರೋಗ್ಯಕ್ಕೆ ಹಾನಿಕರ.

ಕಳುಹಿಸುವ ಮೊದಲು ಪಾರ್ಸೆಲನ್ನು ತಕ್ಕಡಿಯ ಮೇಲಿಟ್ಟು, ಅಳತೆಪಟ್ಟಿ ಹಿಡಿದು, ಅಂಕೆಗಳು ಕಾಣುವಂತೆ ಒಂದು ಛಾಯಾಚಿತ್ರ ತೆಗೆದಿಡುವ ಅಭ್ಯಾಸ ಒಳ್ಳೆಯದು. ಕೊರಿಯರ್ ಸಂಸ್ಥೆಗಳು ತಮ್ಮ ಕೇಂದ್ರದಲ್ಲಿ ಮತ್ತೆ ಅಳೆದು ಹೆಚ್ಚಿನ ದರ ವಿಧಿಸುವುದುಂಟು. ಅಂತಹ ಸಂದರ್ಭದಲ್ಲಿ ವಾದಿಸಲು ನಿಗದಿತ ದಿನಗಳ ಅವಕಾಶವಷ್ಟೇ ಇರುತ್ತದೆ. ಆಗ ಆ ಛಾಯಾಚಿತ್ರವೇ ನಮ್ಮ ಸಾಕ್ಷಿ.

ದೂರ ಮತ್ತು ದಾರಿ

ದರವನ್ನು ನಿರ್ಧರಿಸುವ ಮೂರನೆಯ ಅಂಶ ದೂರ. ಅದೇ ಊರು, ಅದೇ ರಾಜ್ಯ ಅಥವಾ ನೆರೆಯ ವಲಯ, ಮಹಾನಗರದಿಂದ ಮಹಾನಗರ, ದೇಶದ ಉಳಿದ ಭಾಗ, ಕೊನೆಯದಾಗಿ ಈಶಾನ್ಯ ರಾಜ್ಯಗಳು ಹಾಗೂ ಜಮ್ಮು ಕಾಶ್ಮೀರ, ಈ ರೀತಿ ವಲಯಗಳನ್ನು ಕೊರಿಯರಿನವರು ವಿಂಗಡಿಸಿರುತ್ತಾರೆ. ಅಂಚೆ ಇಲಾಖೆಯ ಸ್ಪೀಡ್ ಪೋಸ್ಟಿನಲ್ಲಿಯೂ ದೂರಕ್ಕೆ ತಕ್ಕ ದರವಿದೆ. 2025ರ ಅಕ್ಟೋಬರ್ 1ರಂದು ಪರಿಷ್ಕರಿಸಿದ ದರಪಟ್ಟಿಯಂತೆ 250 ಗ್ರಾಂ ಮೀರಿ 500 ಗ್ರಾಂವರೆಗಿನ ದಾಖಲೆಪತ್ರಗಳಿಗೆ ಸ್ಥಳೀಯವಾಗಿ 28 ರೂಪಾಯಿ, 200 ಕಿಲೋಮೀಟರಿನವರೆಗೆ 70 ರೂಪಾಯಿ, 2000 ಕಿಲೋಮೀಟರ್ ಮೀರಿದರೆ 93 ರೂಪಾಯಿ ಎಂದು ಗೊತ್ತುಮಾಡಲಾಯಿತು; ತೆರಿಗೆ ಪ್ರತ್ಯೇಕ. ಪಾರ್ಸೆಲುಗಳ ದರಪಟ್ಟಿ ಬೇರೆಯೇ ಇದೆ. ದರಗಳು ಆಗಾಗ ಬದಲಾಗುವುದರಿಂದ ಕಳೆದ ವರ್ಷದ ಚೀಟಿಯನ್ನು ನೋಡಿ ಈ ವರ್ಷ ಬೆಲೆ ನಿಗದಿಪಡಿಸುವುದು ಸರಿಯಲ್ಲ. ಬಹುಕಾಲ ನಮಗೆ ಪರಿಚಿತವಾಗಿದ್ದ ರಿಜಿಸ್ಟರ್ಡ್ ಅಂಚೆಯೂ 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ವಿಲೀನವಾಗಿದೆ.

ಯಾವ ವಸ್ತುವಿಗೆ ಯಾವ ದಾರಿ? ದೊಡ್ಡ ನಗರಗಳಿಗೆ ಕೊರಿಯರ್ ಅನುಕೂಲವಾಗಬಹುದು. ಹಳ್ಳಿಗಾಡಿನ ವಿಳಾಸಗಳಿಗೆ ಅಂಚೆಯಷ್ಟು ವಿಸ್ತಾರವಾದ ಜಾಲ ಮತ್ತೊಂದಿಲ್ಲ. ಕೆಲವು ಕೊರಿಯರುಗಳು ದೂರದ ಗ್ರಾಮಗಳಿಗೆ ಹೆಚ್ಚುವರಿ ದರ ಪಡೆಯುತ್ತವೆ ಅಥವಾ ಅಲ್ಲಿಗೆ ಹೋಗುವುದೇ ಇಲ್ಲ. ನಮ್ಮ ರಾಜ್ಯದೊಳಗೆ ಭಾರದ ಸರಕು ಕಳುಹಿಸುವವರಿಗೆ ಬಸ್ಸಿನ ದಾರಿಯೂ ಇದೆ. ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮವು 2021ರಲ್ಲಿ ‘ನಮ್ಮ ಕಾರ್ಗೋ’ ಎಂಬ ಹೆಸರಿನಲ್ಲಿ ಪಾರ್ಸೆಲ್ ಸೇವೆಯನ್ನು ಆರಂಭಿಸಿತು. ಸರಕನ್ನು ನಿಲ್ದಾಣದಿಂದ ಪಡೆದುಕೊಳ್ಳಲು ಗಿರಾಕಿ ಒಪ್ಪಿದರೆ ಮನೆಬಾಗಿಲಿನವರೆಗಿನ ಖರ್ಚು ತಪ್ಪುತ್ತದೆ. ಅಂಗಡಿಗಳಿಗೆ ಸಗಟಾಗಿ ಕಳುಹಿಸುವವರಿಗೆ ಇದು ಯೋಗ್ಯ ಮಾರ್ಗ.

ಶೈಕ್ಷಣಿಕ, ಸಾಂಸ್ಕೃತಿಕ ಅಥವಾ ಧಾರ್ಮಿಕ ಪುಸ್ತಕಗಳನ್ನು ಕಳುಹಿಸುವವರು ಅಂಚೆ ಇಲಾಖೆ 2025ರ ಮೇ 1ರಿಂದ ಆರಂಭಿಸಿದ ‘ಜ್ಞಾನ ಪೋಸ್ಟ್’ ಸೇವೆಯ ಬಗ್ಗೆ ವಿಚಾರಿಸಬಹುದು. ಆರಂಭದಲ್ಲಿ 300 ಗ್ರಾಂವರೆಗೆ 20 ರೂಪಾಯಿ, ಐದು ಕಿಲೋವರೆಗೆ 100 ರೂಪಾಯಿ ಎಂದು ಅದರ ದರವನ್ನು ಗೊತ್ತುಮಾಡಲಾಗಿತ್ತು. ಜಾಹೀರಾತುಗಳುಳ್ಳ ಅಥವಾ ವಾಣಿಜ್ಯ ಸ್ವರೂಪದ ಪ್ರಕಟಣೆಗಳಿಗೆ ಇದು ಅನ್ವಯಿಸುವುದಿಲ್ಲವಾದುದರಿಂದ ನಿಯಮಗಳನ್ನು ಅಂಚೆ ಕಚೇರಿಯಲ್ಲಿ ಓದಿ ತಿಳಿದುಕೊಳ್ಳಬೇಕು.

ವಿಮಾನದಲ್ಲಿ ಹೋಗುವ ಪಾರ್ಸೆಲಿಗೂ ರಸ್ತೆ ಅಥವಾ ರೈಲಿನಲ್ಲಿ ಹೋಗುವುದಕ್ಕೂ ದರದಲ್ಲಿ ಬಹಳ ಅಂತರವಿದೆ. ಎರಡು ದಿನ ತಡವಾದರೆ ಕೆಡದ ವಸ್ತುವನ್ನು ವಿಮಾನದಲ್ಲಿ ಕಳುಹಿಸುವುದು ದುಂದುವೆಚ್ಚವೇ ಸರಿ. ಡಿಸೆಂಬರಿನ ಮೂರನೆಯ ವಾರದಲ್ಲಿ ಎಲ್ಲರೂ ಒಮ್ಮೆಲೇ ಅವಸರಪಡುವಾಗ ವೇಗದ ಸೇವೆಯೊಂದೇ ದಾರಿಯಾಗುತ್ತದೆ. ಆದುದರಿಂದ ‘ಇಂತಹ ದಿನಾಂಕದೊಳಗೆ ಬೇಡಿಕೆ ಸಲ್ಲಿಸಿದವರಿಗೆ ಕಡಿಮೆ ಸಾಗಾಟ ದರ’ ಎಂದು ನವೆಂಬರಿನಲ್ಲಿಯೇ ಪ್ರಕಟಿಸುವುದು ಜಾಣತನ. ತಿಂಡಿಯ ಪಾರ್ಸೆಲನ್ನು ವಾರದ ಆರಂಭದಲ್ಲಿ ಕಳುಹಿಸಿದರೆ ಭಾನುವಾರ ಗೋದಾಮಿನಲ್ಲಿ ಬಿದ್ದಿರುವುದೂ ತಪ್ಪುತ್ತದೆ.

ಹಿಂದಿರುಗುವ ಪಾರ್ಸೆಲ್

ಮೇಲಿನ ಲೆಕ್ಕದಲ್ಲಿ ಕಂಡಂತೆ ಅತ್ಯಂತ ದುಬಾರಿಯಾದ ಪಾರ್ಸೆಲ್ ಎಂದರೆ ತಲಪದೆ ಹಿಂದಿರುಗಿದ್ದು. ಇದಕ್ಕೆ ಮುಖ್ಯ ಕಾರಣಗಳು ಮೂರು: ತಪ್ಪು ವಿಳಾಸ, ಮನೆಯಲ್ಲಿ ಯಾರೂ ಇಲ್ಲದಿರುವುದು, ಗಿರಾಕಿಯ ಮನಸ್ಸು ಬದಲಾಗುವುದು.

ವಿಳಾಸದ ವಿಷಯದಲ್ಲಿ ಪಿನ್ ಕೋಡಿನ ಮಹತ್ವವನ್ನು ಎಷ್ಟು ಹೇಳಿದರೂ ಸಾಲದು. ಶ್ರೀರಾಮ ಭಿಕಾಜಿ ವೇಲಣಕರ್ ಅವರ ಪರಿಕಲ್ಪನೆಯಂತೆ 1972ರ ಆಗಸ್ಟ್ 15ರಂದು ಜಾರಿಗೆ ಬಂದ ಈ ಆರು ಅಂಕೆಗಳ ವ್ಯವಸ್ಥೆಯನ್ನೇ ಇಂದು ಖಾಸಗಿ ಕೊರಿಯರುಗಳೂ ಅವಲಂಬಿಸಿವೆ. ಮೊದಲ ಮೂರು ಅಂಕೆಗಳು ವಿಂಗಡಣೆಯ ಜಿಲ್ಲೆಯನ್ನು ಸೂಚಿಸುತ್ತವೆ. 575 ಎಂದರೆ ಮಂಗಳೂರು, 560 ಎಂದರೆ ಬೆಂಗಳೂರು. ಒಂದು ಅಂಕೆ ತಪ್ಪಿದರೆ ಪಾರ್ಸೆಲ್ ಬೇರೆ ಊರನ್ನೇ ಸುತ್ತಿ ಬಂದೀತು. ಗಿರಾಕಿ ಬರೆದ ಊರಿನ ಹೆಸರಿಗೂ ಪಿನ್ ಕೋಡಿಗೂ ಹೊಂದಾಣಿಕೆ ಇದೆಯೇ ಎಂದು ನೋಡಲು ಅರ್ಧ ನಿಮಿಷ ಸಾಕು. ಮನೆ ಸಂಖ್ಯೆ ಸರಿಯಾಗಿಲ್ಲದ ಗ್ರಾಮಗಳಲ್ಲಿ ಹತ್ತಿರದ ಶಾಲೆ, ದೇವಾಲಯ, ಇಗರ್ಜಿ ಅಥವಾ ಸೇತುವೆಯ ಗುರುತನ್ನು ಕೇಳಿ ಬರೆಯಬೇಕು. ಅಂಚೆ ಇಲಾಖೆಯು 2025ರ ಮೇ ತಿಂಗಳಲ್ಲಿ ‘ಡಿಜಿಪಿನ್’ ಎಂಬ ಹತ್ತು ಅಕ್ಷರ ಮತ್ತು ಅಂಕೆಗಳ ಸಂಕೇತವನ್ನು ಹೊರತಂದಿತು. ಇದು ಸುಮಾರು ನಾಲ್ಕು ಮೀಟರ್ ಚದರದ ಜಾಗವನ್ನು ಗುರುತಿಸಬಲ್ಲುದು. ಪಿನ್ ಕೋಡಿನ ಜೊತೆಗೆ ಇದನ್ನೂ ಬರೆದರೆ ಒಳರಸ್ತೆಯ ಮನೆಗಳನ್ನು ಹುಡುಕಲು ಸಹಾಯವಾದೀತು.

ಬಾಗಿಲಲ್ಲಿ ಹಣ ಪಡೆಯುವ ಪದ್ಧತಿಯಿಂದ ಹೊಸ ಗಿರಾಕಿಗಳು ಬರುತ್ತಾರೆಂಬುದು ನಿಜ. ಆದರೆ ಅದಕ್ಕೆ ಕೊರಿಯರಿನವರು ಪ್ರತ್ಯೇಕ ಶುಲ್ಕ ಪಡೆಯುತ್ತಾರೆ, ಹಣ ನಮ್ಮ ಕೈಸೇರಲು ಹಲವು ದಿನ ಹಿಡಿಯುತ್ತದೆ, ಕೈಯಿಂದ ಏನನ್ನೂ ಕೊಡದ ಗಿರಾಕಿ ಸುಲಭವಾಗಿ ಬೇಡವೆನ್ನುತ್ತಾನೆ. ಹಾಗೆಂದು ಅದನ್ನು ಪೂರ್ತಿ ನಿಲ್ಲಿಸಬೇಕಾಗಿಲ್ಲ. ಸಾಗಾಟದ ವೆಚ್ಚದಷ್ಟನ್ನಾದರೂ ಮುಂಗಡವಾಗಿ ಯು.ಪಿ.ಐ. ಮೂಲಕ ಪಡೆದು ಉಳಿದುದನ್ನು ಬಾಗಿಲಲ್ಲಿ ಪಡೆಯಬಹುದು. ಮುಂಚಿತವಾಗಿ ಪೂರ್ತಿ ಹಣ ಕೊಟ್ಟವರಿಗೆ ಚಿಕ್ಕ ರಿಯಾಯಿತಿ ನೀಡಬಹುದು. ಕಳುಹಿಸುವ ದಿನ ಒಂದು ಕರೆ ಮಾಡಿ, ‘ಇಂದು ಪಾರ್ಸೆಲ್ ಹೊರಡುತ್ತದೆ, ಶುಕ್ರವಾರ ಮನೆಯಲ್ಲಿರುತ್ತೀರಾ?’ ಎಂದು ವಿಚಾರಿಸಿದರೆ ಅದು ಸೌಜನ್ಯವೂ ಹೌದು, ಉಳಿತಾಯವೂ ಹೌದು.

ಗಿರಾಕಿಗೆ ಸತ್ಯವನ್ನೇ ಹೇಳೋಣ

‘ಸಾಗಾಟ ಉಚಿತ’ ಎಂಬ ಮಾತು ಕಿವಿಗೆ ಇಂಪು. ಆದರೆ ಉಚಿತವಾದ ಸಾಗಾಟ ಎಂಬುದಿಲ್ಲ. ಅದನ್ನು ಗಿರಾಕಿ ಕೊಡಬೇಕು, ಇಲ್ಲವೆ ಮಾರುವವರು ಕೊಡಬೇಕು. ದೊಡ್ಡ ಕಂಪೆನಿಗಳು ಬಂಡವಾಳದ ಬಲದಿಂದ ಕೆಲಕಾಲ ನಷ್ಟ ಸಹಿಸಿಯಾವು. ಮನೆಯೊಡತಿಯೊಬ್ಬಳು ಅವರೊಡನೆ ಆ ಪೈಪೋಟಿಗೆ ಇಳಿದರೆ ಕಳೆದುಕೊಳ್ಳುವುದು ತನ್ನ ಕೂಲಿಯನ್ನು. ಆದುದರಿಂದ ಇಷ್ಟು ಮೊತ್ತಕ್ಕಿಂತ ಹೆಚ್ಚಿನ ಖರೀದಿಗೆ ಮಾತ್ರ ಸಾಗಾಟ ಉಚಿತ ಎಂದು ಮಿತಿ ಹಾಕುವುದು ಒಳ್ಳೆಯದು. ಸಾಮಾನ್ಯವಾಗಿ ಮೊದಲ ಅರ್ಧ ಕಿಲೋಗೆ ಬೀಳುವ ದರಕ್ಕಿಂತ ಮುಂದಿನ ಅರ್ಧ ಕಿಲೋಗಳ ದರ ಕಡಿಮೆಯಿರುವುದರಿಂದ, ಎರಡು ಮೂರು ವಸ್ತುಗಳು ಒಂದೇ ಪೆಟ್ಟಿಗೆಯಲ್ಲಿ ಹೋದರೆ ತಲಾ ವೆಚ್ಚ ಇಳಿಯುತ್ತದೆ. ಅಕ್ಕಪಕ್ಕದ ಮನೆಯವರೊಡನೆ ಸೇರಿ ಒಂದೇ ವಿಳಾಸಕ್ಕೆ ತರಿಸಿಕೊಳ್ಳಲು ಗಿರಾಕಿಗಳನ್ನು ಪ್ರೋತ್ಸಾಹಿಸಬಹುದು.

ಬೆಲೆಯನ್ನು ಮರೆಮಾಚುವುದು ನ್ಯಾಯವೂ ಅಲ್ಲ, ಕಾನೂನಿಗೆ ಸಮ್ಮತವೂ ಅಲ್ಲ. 2020ರ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳ ಪ್ರಕಾರ ಮಾರಾಟಗಾರರು ಒಟ್ಟು ಬೆಲೆಯನ್ನೂ, ಅದರಲ್ಲಿ ಸೇರಿದ ಸಾಗಾಟ ಶುಲ್ಕ, ತೆರಿಗೆ ಮುಂತಾದವುಗಳ ವಿವರವನ್ನೂ ತೋರಿಸಬೇಕು. ಕೊನೆಯ ಘಳಿಗೆಯಲ್ಲಿ ಅಂಚೆವೆಚ್ಚವನ್ನು ಸೇರಿಸಿದರೆ ಗಿರಾಕಿ ಖರೀದಿಯನ್ನೇ ಕೈಬಿಟ್ಟಾನು. ಮೊದಲೇ ತಿಳಿಸಿದರೆ ಬೇಸರಪಡುವವರು ಕಡಿಮೆ.

ಹನಿಗೂಡಿದರೆ ಹಳ್ಳ

ತಿಂಗಳಿಗೆ ಹತ್ತು ಪಾರ್ಸೆಲ್ ಕಳುಹಿಸುವವರ ಮಾತಿಗೆ ಕೊರಿಯರ್ ಕಚೇರಿಯಲ್ಲಿ ಬೆಲೆಯಿಲ್ಲ. ಇನ್ನೂರು ಕಳುಹಿಸುವವರನ್ನು ಕರೆದು ಕುಳ್ಳಿರಿಸಿ ಮಾತನಾಡುತ್ತಾರೆ. ಹಾಗಿರುವಾಗ ಒಂದೇ ಊರಿನ, ಒಂದೇ ವಾಳೆಯ ಇಪ್ಪತ್ತು ಮನೆಯುದ್ದಿಮೆಗಳು ಇಪ್ಪತ್ತು ದಾರಿ ಹಿಡಿಯುವುದೇಕೆ? ಸ್ವಸಹಾಯ ಗುಂಪುಗಳು, ಸ್ತ್ರೀ ಸಂಘಟನೆಗಳು ನಮ್ಮಲ್ಲಿ ಈಗಾಗಲೇ ಇವೆ. ಅವು ಒಟ್ಟಾಗಿ ಒಂದು ಖಾತೆ ತೆರೆದು, ವಾರಕ್ಕೆರಡು ದಿನ ಒಂದೇ ಜಾಗದಿಂದ ಎಲ್ಲರ ಪಾರ್ಸೆಲುಗಳನ್ನು ಒಯ್ಯುವ ಏರ್ಪಾಡು ಮಾಡಿದರೆ ದರದಲ್ಲಿ ರಿಯಾಯಿತಿ ಕೇಳುವ ಶಕ್ತಿ ಬರುತ್ತದೆ. ಪೆಟ್ಟಿಗೆ, ಅಂಟುಪಟ್ಟಿಗಳನ್ನೂ ಒಟ್ಟಾಗಿ ಕೊಳ್ಳಬಹುದು. ನಿತ್ಯವೂ ಹೆಚ್ಚು ಪಾರ್ಸೆಲ್ ಕಳುಹಿಸುವವರೊಡನೆ ಅಂಚೆ ಇಲಾಖೆಯೂ ಒಪ್ಪಂದ ಮಾಡಿಕೊಂಡು ನಂತರ ಹಣ ಪಾವತಿಸುವ ಸೌಕರ್ಯ ನೀಡುತ್ತದೆ.

ಆದರೆ ಒಗ್ಗಟ್ಟಿನ ಕೆಲಸದಲ್ಲಿ ಲೆಕ್ಕ ಬಿಗಿಯಾಗಿರಬೇಕು. ಖಾತೆ ಯಾರ ಹೆಸರಿನಲ್ಲಿ, ಪಾರ್ಸೆಲ್ ಕಳೆದುಹೋದರೆ ಪರಿಹಾರ ಯಾರಿಗೆ, ಹಿಂದಿರುಗಿದರೆ ಖರ್ಚು ಯಾರದು, ಪ್ರತಿಯೊಬ್ಬರ ಪಾಲು ಎಷ್ಟು, ಇವನ್ನೆಲ್ಲಾ ಮೊದಲೇ ಬರೆದು ಸಹಿ ಮಾಡಿಕೊಳ್ಳಬೇಕು. ಸ್ನೇಹ ಉಳಿಯುವುದು ಸ್ಪಷ್ಟವಾದ ಲೆಕ್ಕದಿಂದಲೇ. ಬೆಲೆಬಾಳುವ ವಸ್ತುವಿಗೆ ವಿಮೆ ಮಾಡಿಸುವುದನ್ನೂ ಮರೆಯಬಾರದು. ವಿಮೆಯಿಲ್ಲದ ಪಾರ್ಸೆಲಿಗೆ ಸಿಗುವ ಪರಿಹಾರಕ್ಕೆ ಮಿತಿಯಿದೆ.

ಸಾಗಾಟದ ವೆಚ್ಚವನ್ನು ಪೂರ್ತಿ ಇಲ್ಲವಾಗಿಸಲು ಯಾರಿಂದಲೂ ಸಾಧ್ಯವಿಲ್ಲ. ಮಳೆಯಲ್ಲಿ, ಬಿಸಿಲಲ್ಲಿ ಪಾರ್ಸೆಲ್ ಹೊತ್ತು ಮೆಟ್ಟಿಲು ಹತ್ತುವವರಿಗೂ ಸಂಸಾರವಿದೆ, ಅವರ ಕೂಲಿಯೂ ಅದರಲ್ಲಿ ಸೇರಿದೆ. ನಾವು ಉಳಿಸಬೇಕಾದುದು ಅವರ ಪಾಲನ್ನಲ್ಲ. ಗಾಳಿಗೆ, ಅವಸರಕ್ಕೆ, ಅಜಾಗರೂಕತೆಗೆ ವ್ಯರ್ಥವಾಗಿ ತೆರುವ ಹಣವನ್ನು. ಒಂದು ತಕ್ಕಡಿ, ಒಂದು ಅಳತೆಪಟ್ಟಿ, ಒಂದು ಲೆಕ್ಕದ ಪುಸ್ತಕ, ಇವಿಷ್ಟನ್ನು ಕಟ್ಟುವ ಮೇಜಿನ ಮೇಲಿಟ್ಟು ಒಂದು ತಿಂಗಳು ಪ್ರತಿಯೊಂದು ಪಾರ್ಸೆಲಿನ ತೂಕ, ಅಳತೆ, ಊರು, ತೆರಿಗೆ ಸೇರಿದ ದರ ಮತ್ತು ತಲಪಿದ ದಿನವನ್ನು ಬರೆದಿಡಿರಿ. ಯಾವ ಪೆಟ್ಟಿಗೆ ದೊಡ್ಡದಾಯಿತು, ಯಾವ ಊರಿಗೆ ಯಾವ ದಾರಿ ಅಗ್ಗ ಎಂಬುದನ್ನು ಆ ಪುಸ್ತಕವೇ ಹೇಳುತ್ತದೆ. ಅದರಂತೆ ಮುಂದಿನ ತಿಂಗಳ ಬೆಲೆಪಟ್ಟಿಯನ್ನು ತಿದ್ದಿಕೊಂಡರೆ ದುಡಿದ ಕೈಗಳಿಗೆ ಅವುಗಳ ಕೂಲಿ ಪೂರ್ತಿಯಾಗಿ ಸಲ್ಲುತ್ತದೆ.